ಪಂಕಜಮ್ಮನ ಐದೂವರೆ

“ಆ ವೈರನ್ನ ಹಾಗೆ ಎಳೀಬೇಡಪ್ಪ, ಅದಕ್ಕೊಂದು ಪಟ್ಟು ಇದೆ,” ಎಂದು ಇಂದುಶೇಖರ ಹೇಳುವಷ್ಟರಲ್ಲಿ ಪೃಥ್ವಿ ಅಡಾಪ್ಟರಿನ ಪಿನ್ನನ್ನು ಎರಡು ಸಲ ಚುಚ್ಚಿ ತೆಗೆದಾಗಿತ್ತು. ಆಮೇಲೆ ವೈರನ್ನು ಮೇಲಕ್ಕೆ ಬಾಗಿಸಿ, ಸ್ಟ್ಯಾಂಡಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತಿದ. ಮುದಿ ಕೀಬೋರ್ಡು ಕೆಮ್ಮಿದ ಹಾಗೆ ಸದ್ದು ಮಾಡಿ ಎಚ್ಚರಾಯಿತು.

ಅದರ ಯಜಮಾನರು ಮಾತ್ರ ಏಳುವ ಹಾಗಿರಲಿಲ್ಲ. ದಿಲ್ಲಿಯ ದ್ವಾರಕಾದ ಆ ಪುಟ್ಟ ಫ್ಲ್ಯಾಟಿನ ನಡುಮನೆಯಲ್ಲಿ ದಕ್ಷಿಣಾಮೂರ್ತಿಗಳು ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಮದುವೆಯಾಗದ ಜೀವ. ಸರ್ಕಾರಿ ಕಚೇರಿಯ ಗುಮಾಸ್ತಗಿರಿ ಮುಗಿದ ಮೇಲೆ ಈ ಮನೆಯ ಬಾಗಿಲು ತಟ್ಟುತ್ತಿದ್ದವರು ಇಬ್ಬರೇ. ಗುರುಗ್ರಾಮದಲ್ಲಿ ಕೆಲಸದಲ್ಲಿರುವ ತಂಗಿಯ ಮಗ ಪೃಥ್ವಿ, ಬಿಡುವಾದಾಗ. ಎದುರು ಬ್ಲಾಕಿನ ಪಂಕಜಮ್ಮ, ಪ್ರತಿ ಗುರುವಾರ. ಇಲ್ಲೂ ಭಜನಾ ಮಂಡಳಿಯಲ್ಲೂ ಅವರು ಹಾಡುವುದು, ದಕ್ಷಿಣಾಮೂರ್ತಿಗಳು ಕೀಬೋರ್ಡು ನುಡಿಸುವುದು. ಇವತ್ತು ಬರುವವರಿಗೆಂದು ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತಂದಿಟ್ಟಿದ್ದರು, ಅರ್ಧಕ್ಕರ್ಧ ಖಾಲಿ.

“ಒಂದು ದೇವರನಾಮ ಹಾಡ್ತೀನಿ. ಆಮೇಲೆ ಎತ್ತಿ,” ಎಂದರು ಪಂಕಜಮ್ಮ. “ಹಾಡದೆ ಕಳಿಸಿದ್ರೆ ನನ್ನ ಮನಸ್ಸು ತಡೆಯಲ್ಲ.”

“ಅಚ್ಛಾ, ಒಂದೇ ಒಂದು. ಗಾಡಿ ಕೆಳಗೆ ನಿಂತಿದೆ.” ಇಂದುಶೇಖರ ಭಜನಾ ಮಂಡಳಿಯ ಕಾರ್ಯದರ್ಶಿ; ಸಾವಿನ ಮನೆಯಲ್ಲೂ ಅವರಿಗೆ ನಿರೂಪಣೆ ಬಿಡದು. “ಪೃಥ್ವಿ, ಐದೂವರೆ ಶ್ರುತಿ ಕೊಡು. ಎಪ್ಪತ್ತು ದಾಟಿದ್ರೂ ಪಂಕಜಮ್ನೋರದ್ದು ಇವತ್ತಿಗೂ ಅಷ್ಟೆತ್ತರದ ಐದೂವರೆ! ಇಡೀ ದಿಲ್ಲೀಲಿ ಇಂಥ ಗಂಟಲು ಇನ್ನೊಂದು ತೋರಿಸಿ ನೋಡೋಣ.”

ಪಂಕಜಮ್ಮ ಬೇಡವೆನ್ನಲಿಲ್ಲ. ಗಂಡ ಹೋದರು, ಮಂಡಿ ಹೋಯಿತು, ಮಗಳ ಫೋನೂ ಅಪರೂಪವಾಯಿತು. ಉಳಿದಿದ್ದು ಆ ಐದೂವರೆ ಒಂದೇ. ಅಷ್ಟು ಹೆಮ್ಮೆ ಅವರಿಗೆ ಬೇಡವೆ?

ಪೃಥ್ವಿ ಶ್ರುತಿ ಹಿಡಿದ. ಪಲ್ಲವಿ ಹೇಗೋ ಸಾಗಿತು. ಅನುಪಲ್ಲವಿಯಲ್ಲಿ ಮೇಲೇರಬೇಕಾದ ಜಾಗದಲ್ಲಿ ದನಿ ಫಟ್ಟನೆ ಒಡೆಯಿತು.

“ಪಾಪ, ದುಃಖ ಒತ್ತಿಬಂತು,” ಎಂದರು ಯಾರೋ. ಪಂಕಜಮ್ಮನೂ ಹಾಗೇ ಅಂದುಕೊಂಡು ಕಣ್ಣೊರೆಸಿ ಮತ್ತೆ ಎತ್ತಿಕೊಂಡರು. ಮತ್ತೆ ಅಲ್ಲೇ ಒಡೆಯಿತು.

“ಏನಾಯ್ತು ನಂಗೆ?” ಅವರ ಕೈ ಗಂಟಲಿಗೆ ಹೋಯಿತು. “ಮೊನ್ನೆ ಗುರುವಾರ ಇದನ್ನೇ ಹಾಡಿದ್ನಲ್ಲಪ್ಪ, ಇಲ್ಲೇ ಕೂತು!”

ಏನಾಯಿತೆಂದು ಪೃಥ್ವಿಗೆ ಗೊತ್ತಿತ್ತು. ಅವನಿಗೊಬ್ಬನಿಗೇ ಗೊತ್ತಿತ್ತು.

*

ಹೋದ ಚಳಿಗಾಲದ ರಜೆಯ ದಿನ. ಕೀಬೋರ್ಡು ಹಳೆಯ ಪೇಪರಿನ ಮೇಲೆ ಬೋರಲು ಬಿದ್ದಿತ್ತು, ಸ್ಕ್ರೂಗಳೆಲ್ಲ ಸ್ಟೀಲ್ ಬಟ್ಟಲಿನಲ್ಲಿ. ದಕ್ಷಿಣಾಮೂರ್ತಿ ಕೀಗಳ ಕೆಳಗಿನ ರಬ್ಬರ್ ಗುಬಟುಗಳನ್ನು ಒಂದೊಂದಾಗಿ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದರು. ನಡುವಿನ ಕೀಗಳದ್ದು ಸವೆದಾಗ ತುದಿಯ ಕೀಗಳದ್ದನ್ನು ಕಿತ್ತು ಅಲ್ಲಿಗೆ ಹಾಕುವುದು ಅವರ ಪದ್ಧತಿ. ಹಾಗಾಗಿ ಎರಡೂ ತುದಿ ಮೂಕವಾಗಿದ್ದವು.

“ಮಾಮ, ಹೊಸದು ಕೊಡಿಸ್ತೀನಿ ಅಂದ್ರೆ ಬೇಡ. ಕಮ್ ಸೆ ಕಮ್ ಈ ಸ್ಕ್ರೀನ್ ಲೈಟ್ ಆದ್ರೂ ಹಾಕಿಸೋಣ. ಲಾಜಪತ್ ರಾಯ್ ಮಾರ್ಕೆಟ್‌ನಲ್ಲಿ ಸಿಗತ್ತೆ.”

“ಅದೊಂದು ಬೇಡ.”

ಎಂಥ ಜಿಪುಣ ಎಂದುಕೊಂಡ ಪೃಥ್ವಿ. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಸ್ಕ್ರೂ ಬಿಗಿದು, ಆನ್ ಮಾಡಿ, ಮಾಮ ಕತ್ತಲೆಯ ಪರದೆಯ ಪಕ್ಕ ಬೆರಳಾಡಿಸಿ ಒಂದೇ ಬಟನ್ನನ್ನು ನಾಲ್ಕು ಸಲ ಒತ್ತಿದರು. ಅವತ್ತು ಗುರುವಾರ, ಪಂಕಜಮ್ಮ ಬರುವ ಹೊತ್ತು. ಪೃಥ್ವಿ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದ. ಅಂಕಿ ಮಸುಕಾಗಿ ಕಂಡಿತು.

“ಇದು ಶ್ರುತಿ ಇಳಿಸೋ ಬಟನ್ ಅಲ್ವಾ? ಐದೂವರೆ ಕೀ ಒತ್ತಿದ್ರೆ ಮೂರರ ಶ್ರುತಿ ಕೇಳತ್ತೆ!”

“ಆರಿಸೋ ಅದನ್ನ.” ಮಾಮ ಸ್ವಲ್ಪ ಹೊತ್ತು ಬಟ್ಟಲನ್ನು ಒರೆಸಿದರು. “ಅವರ ಗಂಟಲು ಇಳೀತಾ ಬಂತು. ನಾನೂ ಚೂರುಚೂರು ಇಳಿಸ್ಕೊಂಡು ಬಂದೆ. ಅವರಿಗೆ ಗೊತ್ತಿಲ್ಲ. ಇದರಲ್ಲಿ ಲೈಟ್ ಬಂದ್ರೆ ಪಕ್ಕದಲ್ಲಿ ಕೂತವರಿಗೆ ಕಾಣಲ್ವೇನೋ?”

“ಹೇಳಿಬಿಡಿ. ಅದರಲ್ಲೇನಿದೆ?”

“ಹೇಳಿದ್ರೆ ಹಾಡೋದು ಬಿಟ್ಬಿಡ್ತಾರೆ ಕಣೋ. ಆಮೇಲೆ ಗುರುವಾರ ನಾನೇನು ಮಾಡಲಿ?”

*

ಆನ್ ಮಾಡಿದಾಗಲೆಲ್ಲ ಒತ್ತಬೇಕಾದ ಆ ಬಟನ್ನನ್ನು ಪೃಥ್ವಿ ಗಡಿಬಿಡಿಯಲ್ಲಿ ಮರೆತಿದ್ದ. ಈಗ ಒತ್ತಿದರೆ ಮಾಮನ ಗುಟ್ಟು ರಟ್ಟು, ಒತ್ತದಿದ್ದರೆ ಹಾಡಿಲ್ಲ. ವರ್ಷಗಟ್ಟಲೆ ಚೂರುಚೂರಾಗಿ ಇಳಿದಿದ್ದು ಕಿವಿಗೆ ತಿಳಿಯದೆ ಹೋಗಬಹುದು. ಒಮ್ಮೆಲೇ ಇಳಿದರೆ ಪಂಕಜಮ್ಮನಿಗೆ ತಿಳಿಯದೆ ಇದ್ದೀತೆ? ಕೆಳಗೆ ಗಾಡಿಯವನು ಹಾರ್ನ್ ಹೊಡೆದ. ಪೃಥ್ವಿ ನಾಲ್ಕು ಸಲ ಒತ್ತಿ ಶ್ರುತಿ ಕೊಟ್ಟುಬಿಟ್ಟ.

ಕುರ್ಚಿಯಲ್ಲಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಪಂಕಜಮ್ಮ ಗಕ್ಕನೆ ತಿರುಗಿದರು.

“ಇದು ಐದೂವರೆ ಅಲ್ಲ.”

“ಆಂಟಿ... ಮಾಮ ನಿಮಗೆ ನುಡಿಸ್ತಿದ್ದಿದ್ದು ಇದೇ.”

“ಯಾವಾಗಿಂದ?”

“ಬಹುತ್ ಸಾಲ್ ಸೆ. ತುಂಬ ವರ್ಷದಿಂದ.”

ಅವರ ಮುಖ ಕೆಂಪಾಯಿತು. ಇಷ್ಟು ಜನರ ಮುಂದೆ! ಹೊದಿಸಿದ ಶಾಲುಗಳು, ತಟ್ಟಿದ ಚಪ್ಪಾಳೆಗಳು, ಇಂದುಶೇಖರರ ಹೊಗಳಿಕೆ, ಎಲ್ಲವೂ ಸುಳ್ಳಾಯಿತಲ್ಲ ಎಂದು ಸಿಟ್ಟು ಬಂತು. ಸಿಟ್ಟು ಮಾಡೋಣವೆಂದರೆ ಆ ಮನುಷ್ಯ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾರೆ. ಸಣ್ಣಗೆ ಗುನುಗಿ ನೋಡಿದರು. ಹಳೆಯ ಚಪ್ಪಲಿಗೆ ಕಾಲು ಹೋದ ಹಾಗೆ ದನಿ ಆ ಶ್ರುತಿಯಲ್ಲಿ ಕೂತುಕೊಂಡಿತು. ಅವರಿಗೆ ಈಗ ನಿಜವಾಗಿ ಅಳು ಬಂತು. ತನಗೆ ವಯಸ್ಸಾಗುವುದನ್ನು ಕೇಳಿಸಿಕೊಂಡವರು ಈ ಊರಲ್ಲಿ ಒಬ್ಬರೇ ಇದ್ದರು.

“ಹೋಗ್ಲಿ ಬಿಡಿ, ದುಃಖದಲ್ಲಿ ಹೀಗೆಲ್ಲ ಆಗುತ್ತೆ,” ಎಂದು ಇಂದುಶೇಖರ ಗಡಿಯಾರ ನೋಡಿದರು. “ಚಲೋ, ಎತ್ತೋಣ—”

“ಸುಮ್ನಿರಿ ಸ್ವಲ್ಪ.” ಪಂಕಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಪೃಥ್ವಿ, ಇನ್ನೂ ಒಂದು ಇಳಿಸು.”

“ಇನ್ನೂನಾ ಆಂಟಿ?”

“ಹೂಂ. ಈಚೆಗೆ ಇದೂ ಕಷ್ಟ ಆಗ್ತಿತ್ತು. ಹಲ್ಲು ಕಚ್ಚಿ ಹಾಡ್ತಿದ್ದೆ.” ದನಿ ತಗ್ಗಿತು. “ಹೇಳಿದ್ರೆ ಎಲ್ಲಿ ಅವರು ನುಡಿಸೋದು ಬಿಡ್ತಾರೋ ಅಂತ ನಾನೂ ಹೇಳಿರಲಿಲ್ಲ.”

ಪೃಥ್ವಿ ಇಳಿಸಿದ. ಇಷ್ಟು ವರ್ಷ ಕೇಳುವವರ ಕಡೆಗೇ ಮುಖ ಮಾಡಿ ಹಾಡಿದ್ದ ಪಂಕಜಮ್ಮ ಮಂಡಿ ಹಿಡಿದುಕೊಂಡು ನೆಲಕ್ಕೆ ಸರಿದರು. ಕುರ್ಚಿಗಳಿಗೆ ಬೆನ್ನು ತಿರುಗಿಸಿ, ದಕ್ಷಿಣಾಮೂರ್ತಿಗಳ ಕಿವಿಯ ಹತ್ತಿರ ಬಾಗಿ, ಹಿಂದೆ ಕೂತವರಿಗೆ ಕೇಳಿಸದಷ್ಟು ಮೆಲ್ಲಗೆ ಹಾಡತೊಡಗಿದರು.