ಜಡೆಯ ಪಕ್ಕದ ಸಾದಾ ಹೆಣಿಗೆ

ಅತ್ತಿಗೆ ಹೆಣಿಗೆಯ ತುಂಡಿನ ನಾಲ್ಕೂ ಅಂಚುಗಳನ್ನು ಎಳೆದು, ಮೇಜಿನ ಮೇಲೆ ಹಾಸಿದ್ದ ಕಂಬಳಿಗೆ ಗುಂಡುಸೂಜಿ ಚುಚ್ಚಿ ಬಿಗಿ ಮಾಡಿದಳು. ಒದ್ದೆ ಬಟ್ಟೆಯೊಂದನ್ನು ಹಿಂಡಿ, ಕೊಡವಿ, ಅದರ ಮೇಲೆ ಹರಡಿದಳು. ಇಸ್ತ್ರಿಪೆಟ್ಟಿಗೆಯನ್ನು ಅಂಗೈ ಹತ್ತಿರ ಹಿಡಿದು ಕಾವು ನೋಡಿ, ಒತ್ತಿದಳು. ಚುಸ್ ಎಂದು ಆವಿ ಎದ್ದಿತು. ಕಿಟಕಿಯ ಪಕ್ಕ ಕೂತು ಸ್ವೆಟರಿನ ತೋಳು ಹೆಣೆಯುತ್ತಿದ್ದ ಗುಮ್ಮಿಯ ಕಡ್ಡಿಗಳು ನಿಂತವು.

ಅಪ್ಪಟ ಉಣ್ಣೆಯಾಗಿದ್ದರೆ ಒಮ್ಮೆ ನೀರಿಗೆ ಹಾಕಿ ಒಣಗಿಸಿದರೆ ಮೊದಲಿನ ಹಾಗೇ ಆಗುತ್ತಿತ್ತು. ಆದರೆ ಕೂಲಿಗೆ ಹೆಣೆಸುವ ಸ್ವೆಟರ್ ಅಂಗಡಿಯವರು ಗುಮ್ಮಿಗೆ ಕೊಡುತ್ತಿದ್ದುದು ಮಿಲ್ಲಿನ ಕೃತಕ ನೂಲು. ಬಿಸಿ ಆವಿ ತಗುಲಿದರೆ ಅದರ ಜೀವ ಹೋಗುತ್ತದೆ. ಆಮೇಲೆ ಏನು ಮಾಡಿದರೂ ಅದು ಕುಗ್ಗುವುದಿಲ್ಲ, ಎಳೆದುಕೊಳ್ಳುವುದಿಲ್ಲ, ಸುಮ್ಮನೆ ಜೋಲುತ್ತದೆ. ಒಂಬತ್ತು ವರ್ಷದಿಂದ ಹೆಣೆಯುತ್ತಿದ್ದ ಗುಮ್ಮಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. 'ಅತ್ತಿಗೆ, ಬೇಡ' ಎಂದಿದ್ದರೆ ಸಾಕಿತ್ತು. ಅತ್ತಿಗೆ ಎರಡನೆಯ ಸಲ ಒತ್ತಿದಳು. ಗುಮ್ಮಿ ತಲೆ ತಗ್ಗಿಸಿ ಕುಣಿಕೆಗಳನ್ನು ಎಣಿಸತೊಡಗಿದಳು.

ಗುಮ್ಮಿ ಎನ್ನುವುದು ಅಣ್ಣ ಇಟ್ಟ ಹೆಸರು. ಬಾಯಿಬಿಟ್ಟು ಮಾತಾಡುವವಳಲ್ಲ, ಎಲ್ಲವನ್ನೂ ನೋಡಿಕೊಂಡು ಸುಮ್ಮನಿರುತ್ತಾಳೆ ಎಂದು. ಮದುವೆಯಾಗಿ ಬಂದ ಎರಡನೇ ವಾರಕ್ಕೇ ಅತ್ತಿಗೆಯೂ ಹಾಗೇ ಕರೆಯಲು ಶುರುಮಾಡಿದ್ದಳು. ಅವಳ ಬಾಯಲ್ಲಿ ಆ ಹೆಸರು ಬಂದಾಗಲೆಲ್ಲ ಗುಮ್ಮಿಗೆ ತನ್ನ ಪೆಟ್ಟಿಗೆಯನ್ನು ಯಾರೋ ಕೇಳದೆ ತೆರೆದಂತೆ ಆಗುತ್ತಿತ್ತು.

ಅಣ್ಣನದು ತಕ್ಕಡಿ ರಿಪೇರಿಯ ಕೆಲಸ. ಅಂಗಡಿಗಳಿಗೆ ಹೋಗಿ, ಸರಿಯಾದ ತೂಕದ ಕಲ್ಲುಗಳನ್ನಿಟ್ಟು, ಮುಳ್ಳು ತಪ್ಪು ತೋರಿಸುತ್ತಿದ್ದರೆ ಬಿಚ್ಚಿ ಸರಿಮಾಡುತ್ತಿದ್ದ. ದಿನವಿಡೀ ಭಾರ ಎತ್ತಿ ಇಳಿಸಿದವನಿಗೆ ಭಾರ ಎಂದರೇನು ಎನ್ನುವ ಹುಳ ತಲೆಗೆ ಹೊಕ್ಕಿತ್ತು. ಸಂಜೆ ಮನೆಗೆ ಬಂದು, ಐದು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಗುಮ್ಮಿಯ ಮುಂದಿಟ್ಟು ಕೂರುತ್ತಿದ್ದ.

"ಒಂದು ಜಾಗದಲ್ಲಿ ಏನಿದೆ ಅನ್ನೋ ಸುದ್ದಿ ಪಕ್ಕದ ಜಾಗಕ್ಕೆ ಹೋಗ್ಬೇಕು. ಆಗ್ಲೇ ಆ ವಸ್ತು ಅಲ್ಲಿಗೆ ಹೋದ ಹಾಗೆ. ಬೆಳಕಿಗೆ ತನ್ನ ಬಗ್ಗೆ ಹೇಳ್ಕೊಳ್ಳೋದು ಏನೂ ಇಲ್ಲ, ಕೈಬೀಸ್ಕೊಂಡು ಹೋಗತ್ತೆ. ಅದು ಬೆಳಕಿನ ವೇಗ ಅಲ್ಲ ಕಣೇ, ಸುದ್ದಿಯ ವೇಗ. ಅದಕ್ಕಿಂತ ಬೇಗ ಯಾವ ಸುದ್ದಿನೂ ದಾಟಲ್ಲ. ಈ ಕಬ್ಬಿಣ ನೋಡು. ಕೂದಲೆಳೆಯಷ್ಟು ಪಕ್ಕಕ್ಕೆ ಹೋಗ್ಬೇಕಾದ್ರೂ ಪೂರ್ತಿ ಪುರಾಣ ಹೇಳ್ಬೇಕು. ಅದಕ್ಕೇ ಅಲ್ಲಾಡಕ್ಕೆ ಕಷ್ಟ."

"ನಿನ್ನ ಹಾಗೆ" ಎಂದಿದ್ದಳು ಗುಮ್ಮಿ. "ಅಂಗಡಿಯಿಂದ ಮನೆಗೆ ಬರಕ್ಕೆ ಎರಡು ಗಂಟೆ, ದಾರೀಲಿ ಸಿಕ್ಕೋರಿಗೆಲ್ಲ ಪುರಾಣ."

ಅಣ್ಣ ಬಿದ್ದು ಬಿದ್ದು ನಕ್ಕಿದ್ದ. ಆದರೆ ಒಂದು ವಸ್ತು ಇನ್ನೊಂದನ್ನು ಯಾಕೆ ಎಳೆಯಬೇಕು ಎನ್ನುವ ಕಡೆಗೆ ಬಂದು ಅವನು ಪ್ರತಿಸಲ ನಿಂತುಬಿಡುತ್ತಿದ್ದ. ತಿಂಗಳುಗಟ್ಟಲೆ ನಿಂತ. ಕೊನೆಗೊಂದು ಸಂಜೆ ಅವಳೇ ಕೈಯಲ್ಲಿದ್ದ ಹೆಣಿಗೆಯನ್ನು ಅವನ ಮಡಿಲಿಗೆ ಹಾಕಿದಳು. ನಡುವೆ ಕೂದಲಿನ ಜಡೆಯಂತೆ ಉಬ್ಬಿದ ಒಂದು ಜಡೆ ಪಟ್ಟಿ, ಎರಡೂ ಪಕ್ಕಕ್ಕೆ ಸಾದಾ ಸಾಲುಗಳು.

"ಸಾದಾಕ್ಕೆ ಏನೂ ನೆನಪಿಡಬೇಕಾಗಿಲ್ಲ, ಕೈ ಓಡತ್ತೆ. ಜಡೆ ಬಂದ್ರೆ ಯಾವ ಕುಣಿಕೆ ಮುಂದೆ, ಯಾವ್ದು ಹಿಂದೆ ಅಂತ ನೋಡ್ಕೊಂಡು ದಾಟಿಸ್ಬೇಕು. ನಿಧಾನ ಆಗತ್ತೆ, ನಿನ್ನ ಕಬ್ಬಿಣದ ಹಾಗೆ. ಜಡೆ ಇರೋ ಕಡೆ ಪಕ್ಕದ ಸಾದಾನೂ ಒಳಗೆ ಎಳ್ಕೊಳ್ಳತ್ತೆ, ನೋಡು. ನಾನೇನೂ ಎಳೆದಿಲ್ಲ."

ಅಣ್ಣ ಬಹಳ ಹೊತ್ತು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಯಾರೂ ಅವಳಿಗೆ ಶಭಾಸ್ ಎಂದಿರಲಿಲ್ಲ.

ಅತ್ತಿಗೆ ಬಂದದ್ದು ಅದರ ಮರುವರ್ಷ. ಕಾಲೇಜಿನ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಣ್ಣನ ಎರಡು ನೋಟುಪುಸ್ತಕಗಳನ್ನು ಅವಳು ಒಂದು ವಾರದಲ್ಲಿ ಓದಿ ಮುಗಿಸಿದಳು. "ರೀ, ಇದನ್ನ ನಾಲ್ಕು ಜನದ ಮುಂದೆ ಹೇಳ್ಬೇಕು ನೀವು" ಎಂದಳು. ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಸೇರುವ ವಿಜ್ಞಾನ ಕೂಟದವರನ್ನು ಕಂಡು ಒಪ್ಪಿಸಿದಳು. ಸಂಜೆಗಳಲ್ಲಿ ಅಣ್ಣನ ಕುರ್ಚಿ ಕಿಟಕಿಯ ಬಳಿಯಿಂದ ಅತ್ತಿಗೆಯ ಟೈಪ್ ಮಾಡುವ ಮೇಜಿನ ಬಳಿಗೆ ಸರಿಯಿತು. ಐದು ಕಿಲೋದ ಕಲ್ಲು ಮೂಲೆ ಸೇರಿತು.

ಟೈಪಾದ ಹಾಳೆಗಳನ್ನು ಗುಮ್ಮಿ ಮನೆಯಲ್ಲಿ ಯಾರೂ ಇಲ್ಲದಾಗ ಓದಿದಳು. ಅಣ್ಣನ ಪುಸ್ತಕದಲ್ಲಿ 'ಇದು ನನ್ನ ತಂಗಿ ತೋರಿಸಿದ್ದು' ಎಂದಿದ್ದ ಕಡೆ ಈಗ 'ಹೆಣಿಗೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ' ಎಂದಿತ್ತು. ಎರಡು ದಿನ ತಡೆದುಕೊಂಡು, ಊಟದ ಹೊತ್ತಿಗೆ, ತಟ್ಟೆ ನೋಡುತ್ತ ಕೇಳಿದಳು.

"ನನ್ನ ಸಾಲು ಇಲ್ವಲ್ಲ ಅಣ್ಣ?"

"ಮನೆಯವರ ವಿಷಯ ಎಲ್ಲ ಪ್ರಬಂಧದಲ್ಲಿ ಬರೆಯಲ್ವಂತೆ ಕಣೇ. ನಿಮ್ಮತ್ತಿಗೆ ಹೇಳಿದ್ಲು" ಎಂದ ಅಣ್ಣ, ಅನ್ನ ಕಲಸುತ್ತ. "ಸಭೇಲಿ ತೋರಿಸಕ್ಕೆ ಒಂದು ತುಂಡು ಹೆಣೆದು ಕೊಡು. ನಿನ್ನಷ್ಟು ಚೆನ್ನಾಗಿ ಯಾರು ಹೆಣೀತಾರೆ?"

ಅವಳು ಹೆಣೆದು ಕೊಟ್ಟಳು. ಎರಡು ಸಲ ಬಿಚ್ಚಿ ಮೂರನೆಯ ಸಲ ಹೆಣೆದಳು. ನಡುವಿನ ಜಡೆ ಎಷ್ಟು ದಟ್ಟವಾಗಿತ್ತೆಂದರೆ ಸಾದಾ ಸಾಲುಗಳು ಎರಡೂ ಕಡೆಯಿಂದ ಬಾಗಿ, ನೆರಿಗೆಗಟ್ಟಿ ಅದರತ್ತ ಸರಿದಿದ್ದವು. ಆ ತುಂಡಿನ ಮೇಲೆಯೇ ಈಗ ಇಸ್ತ್ರಿಪೆಟ್ಟಿಗೆ ಓಡಾಡುತ್ತಿತ್ತು. ಆರಿದ ಮೇಲೆ ಅತ್ತಿಗೆ ಸೂಜಿಗಳನ್ನು ಕಿತ್ತು, ಮಟ್ಟಸವಾಗಿ ಮಡಿಸಿ, ಕಾಗದದಲ್ಲಿ ಸುತ್ತಿ ಅಣ್ಣನ ಚೀಲದೊಳಗಿಟ್ಟಳು.

ಮಾರನೆಯ ದಿನ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಇಪ್ಪತ್ತು ಜನ ಇದ್ದಿರಬಹುದು. ಗುಮ್ಮಿ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ಅತ್ತಿಗೆ ಮೊದಲ ಸಾಲಿನಲ್ಲಿ ಹಾಳೆಗಳ ಇನ್ನೊಂದು ಪ್ರತಿ ಹಿಡಿದು ಕೂತಿದ್ದಳು. ಅಣ್ಣ ಶುರುವಿಗೆ ತಡವರಿಸಿದರೂ ಆಮೇಲೆ ಚೆನ್ನಾಗಿಯೇ ಹೇಳಿದ. "ಅಲ್ಲ ಸ್ವಾಮಿ, ಒಂದು ಕಿಲೋಗೆ ಎಷ್ಟು ಸುದ್ದಿ ತೂಗತ್ತೆ?" ಎಂದು ಯಾರೋ ಕಿಚಾಯಿಸಿದರು. "ತೂಗಿಸೋರ ಬಾಯಿ ನೋಡ್ಕೊಂಡು ಹೇಳ್ಬೇಕು" ಎಂದ ಅಣ್ಣ. ಎಲ್ಲರೂ ನಕ್ಕರು. ನಿವೃತ್ತರಾದ ಭೌತಶಾಸ್ತ್ರದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ಈಗ ಎಳೆತದ ವಿಷಯ. ಬರೀ ಮಾತು ಬೇಡ, ಕಣ್ಣಾರೆ ನೋಡಿ" ಎಂದು ಅಣ್ಣ ಕಾಗದ ಬಿಚ್ಚಿ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಜಡೆಯ ಪಕ್ಕದ ಸಾದಾ ಸಾಲು ಹೇಗೆ ಒಳಕ್ಕೆ ಸರಿದಿದೆ, ಗಮನಿಸಿ."

ಎಲ್ಲರೂ ಗಮನಿಸಿದರು.

"ಎಲ್ಲಪ್ಪಾ ಸರಿದಿದೆ?" ಎಂದರು ಮೇಷ್ಟ್ರು. "ಗೆರೆ ಎಳೆದ ಹಾಗಿದೆ. ಮುಖ ಒರೆಸೋ ಟವಲ್ಲು ಇದ್ದ ಹಾಗಿದೆ."

ನಗು ಹಿಂದಿನ ಸಾಲಿನವರೆಗೂ ಬಂತು. ಅಣ್ಣ ತುಂಡನ್ನು ತನ್ನ ಕಡೆಗೆ ತಿರುಗಿಸಿ ನೋಡಿದ. ಮುಖ ಕೆಂಪಾಯಿತು. ತಲೆಯೆತ್ತಿ, ಅಷ್ಟು ಜನರನ್ನು ದಾಟಿ, ಅವನು ಹುಡುಕಿದ್ದು ಗುಮ್ಮಿಯನ್ನೇ. ನಿನ್ನೆಯಿಂದ ಅವಳು ಕಾದಿದ್ದ ನೋಟ ಅದು. ಅವಳಿಲ್ಲದೆ ಅವನಿಗೆ ಮುಂದಕ್ಕೆ ಹೋಗಲಾಗುವುದಿಲ್ಲ ಎಂದು ಎಲ್ಲರಿಗೂ ಕಾಣುವಂಥ ನೋಟ.

"ನನ್ನ ತಂಗಿ ಹೆಣೆದಿದ್ದು" ಎಂದ ಅಣ್ಣ, ಸಭೆಗೆ. "ಎಲ್ಲೋ ತಪ್ಪು ಹಾಕಿದಾಳೆ ಅನ್ಸತ್ತೆ."

ಇಪ್ಪತ್ತು ತಲೆಗಳು ಬಾಗಿಲ ಕಡೆಗೆ ತಿರುಗಿದವು. ಗುಮ್ಮಿಗೆ ಹೇಳಲು ಇದ್ದದ್ದು ಇಸ್ತ್ರಿಯ ಒಂದೇ ಮಾತು, ಅದನ್ನು ಹೇಳಿದರೆ ತಾನು ನೋಡುತ್ತ ಕೂತಿದ್ದನ್ನೂ ಹೇಳಬೇಕಿತ್ತು.

"ಹೆಣಿಗೇಲಿ ತಪ್ಪಿಲ್ಲ." ಅತ್ತಿಗೆ ಎದ್ದು ನಿಂತಿದ್ದಳು. "ತಪ್ಪು ನಂದು. ಸೊಟ್ಟಗಿದೆ, ಜನರ ಮುಂದೆ ಚೆನ್ನಾಗಿ ಕಾಣ್ಲಿ ಅಂತ ನಿನ್ನೆ ನಾನೇ ಇಸ್ತ್ರಿ ಮಾಡ್ದೆ. ಇಸ್ತ್ರಿಗೆ ಮುಂಚೆ ಇವರು ಹೇಳಿದ ಹಾಗೇ ಇತ್ತು."

ಈ ಸಲದ ನಗು ಬೇರೆ ಥರದ್ದಾಗಿತ್ತು. ಮೇಷ್ಟ್ರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗುರುತ್ವಾಕರ್ಷಣೆಗೇ ಇಸ್ತ್ರಿ ಹಾಕಿದ್ಯಲ್ಲಮ್ಮಾ! ಬರೋ ತಿಂಗಳು ಇಸ್ತ್ರಿ ಹಾಕದೇ ಇರೋದನ್ನ ತನ್ನಿ."

ಮನೆಗೆ ನಡೆಯುವಾಗ ರಸ್ತೆಯಲ್ಲಿ ಅಣ್ಣ ಅತ್ತಿಗೆಯ ಭುಜಕ್ಕೆ ಭುಜ ತಾಗಿಸಿ, "ಪೆದ್ದಿ, ಪೆದ್ದಿ" ಎನ್ನುತ್ತಿದ್ದ. ಹಾಗೆ ಅವನು ಗುಮ್ಮಿಯನ್ನು ಎಂದೂ ಕರೆದಿರಲಿಲ್ಲ. ತಪ್ಪು ಒಪ್ಪಿಕೊಂಡ ಹೆಚ್ಚುಗಾರಿಕೆಯೂ ಅತ್ತಿಗೆಗೇ ಸಂದಿತ್ತು. ರಸ್ತೆಬದಿಯ ಕಾಲುದಾರಿ ಕಿರಿದಾಗಿದ್ದರಿಂದ ಮೂವರು ಅಕ್ಕಪಕ್ಕ ನಡೆಯುವಂತಿರಲಿಲ್ಲ. ಗುಮ್ಮಿ ಹಿಂದೆ ನಡೆದಳು.

ಮನೆ ತಲುಪಿ ಅಣ್ಣ ಸ್ನಾನಕ್ಕೆ ಹೋದ. ಗುಮ್ಮಿ ಕಿಟಕಿಯ ಬಳಿ ಕೂತು, ಅರ್ಧಕ್ಕೆ ನಿಂತಿದ್ದ ತೋಳನ್ನು ಕೈಗೆತ್ತಿಕೊಂಡಳು. ಅತ್ತಿಗೆ ಸ್ಟೂಲು ಎಳೆದುಕೊಂಡು ಬಂದು ಎದುರಿಗೆ ಕೂತಳು. ನೂಲಿನ ಉಂಡೆ ಅವಳ ಕಾಲಿನತ್ತ ಉರುಳಿತ್ತು. ಅದನ್ನೆತ್ತಿ ಧೂಳು ಕೊಡವಿದಳು. ಮರಳಿ ಕೊಡದೆ, ತನ್ನ ಕೈಯಲ್ಲೇ ಇಟ್ಟುಕೊಂಡು, ಗುಮ್ಮಿ ಎಳೆದಷ್ಟೂ ಬಿಚ್ಚಿಕೊಡುತ್ತ ಹೋದಳು.

"ನಿನ್ನೆ ಇಸ್ತ್ರಿ ಮಾಡೋವಾಗ ನೀನೂ ಇಲ್ಲೇ ಕೂತಿದ್ಯಲ್ಲ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು.

ಗುಮ್ಮಿ ಸಾಲು ಮುಗಿಸಿದಳು. ಹೆಣಿಗೆಯನ್ನು ತಿರುಗಿಸಿ ಇನ್ನೊಂದು ಸಾಲು ಶುರುಮಾಡಿದಳು.

"ಇನ್ಮೇಲೆ ನಾನು ಹಾಗೇನಾದ್ರೂ ಮಾಡಕ್ಕೆ ಹೋದ್ರೆ, ಬೇಡ ಅಂತ ಹೇಳ್ಬಿಡು" ಎಂದಳು ಅತ್ತಿಗೆ.

ನೂಲು ಅತ್ತಿಗೆಯ ಬೆರಳುಗಳ ನಡುವಿನಿಂದ ಗುಮ್ಮಿಯ ಕಡ್ಡಿಗಳಿಗೆ ಒಂದೇ ಸಮನೆ ಹೋಗುತ್ತಿತ್ತು.