ಟೀಚರಮ್ಮನ ಅಳತೆ

"ಇದು ನನ್ನ ತಂಗಿಗೂ ಗೊತ್ತಿಲ್ಲ ಅಕ್ಕಾ. ನಿಮಗೊಬ್ಬರಿಗೇ ಗೊತ್ತಿದ್ದಿದ್ದು," ಎಂದರು ಟೀಚರಮ್ಮ, ದನಿ ತಗ್ಗಿಸಿ.

ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಟೈಲರಕ್ಕನ ಕಾಲು ಅಲ್ಲೇ ನಿಂತಿತು. ಆಪರೇಷನ್ನಿನಲ್ಲಿ ಟೀಚರಮ್ಮನ ಎಡ ಸ್ತನ ತೆಗೆದಿದ್ದರು. ಅಂದಿನಿಂದ ಅವರ ರವಿಕೆಗಳಿಗೆ, ನೋಡಿದವರಿಗೆ ಅನುಮಾನ ಬಾರದಂತೆ, ಎಡಗಡೆ ಹತ್ತಿಯ ಮೆತ್ತೆ ಇಟ್ಟು ಹೊಲಿಯುತ್ತಿದ್ದವಳು ಅವಳೇ. ಈಗ ಯಾವನೋ ಟೀಚರಮ್ಮನಿಗೆ ಫೋನ್ ಮಾಡಿ, ಅಂಥವರಿಗೆಂದೇ ಮಾಡಿದ ಒಳಉಡುಪು ಬಂದಿದೆ, ಬೇಕೇ ಎಂದು ಕೇಳಿದ್ದಾನೆ. ಸ್ಪೀಕರ್ ಆನ್ ಆಗಿತ್ತಂತೆ. ಸ್ಟಾಫ್ ರೂಮಿನಲ್ಲಿ ಇದ್ದವರೆಲ್ಲ ಕೇಳಿಸಿಕೊಂಡರಂತೆ.

"ನಾನು ಬಾಯಿ ಬಿಟ್ಟಿಲ್ಲ ಟೀಚರಮ್ಮ, ನನ್ನ ಮಕ್ಕಳಾಣೆ."

ಟೀಚರಮ್ಮ ಬ್ಯಾಗೆತ್ತಿಕೊಂಡು ಹೊರಟುಹೋದರು.

ಟೈಲರಕ್ಕನ ಸೊಸೆ ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಸಂಜೆ ಮನೆಗೆ ಬಂದು, ಕಥೆ ಕೇಳಿ, ಅತ್ತೆಯ ಫೋನು ಇಸಿದುಕೊಂಡಳು. ಅಳತೆ ಇಟ್ಟುಕೊಳ್ಳಲೆಂದು ಟೈಲರಕ್ಕ ಒಂದು ಪುಕ್ಕಟೆ ಆ್ಯಪ್ ಹಾಕಿಕೊಂಡಿದ್ದಳು. ಗಿರಾಕಿಗಳ ನಂಬರು, ಸೊಂಟ, ತೋಳು ಎಲ್ಲ ಅದರಲ್ಲೇ. ಟೀಚರಮ್ಮನ ಹೆಸರಿನ ಕೆಳಗೆ, ಮರೆಯದಿರಲೆಂದು, 'ಆಪರೇಷನ್, ಎಡಗಡೆ ಮೆತ್ತೆ' ಎಂದು ಬರೆದಿದ್ದಳು.

"ಈ ಮಾಹಿತಿ ಬೇರೆ ಕಂಪನಿಗಳಿಗೆ ಕೊಡ್ತೀವಿ ಅಂತ ಇಲ್ಲೇ ಬರೆದಿದ್ದಾರಲ್ಲ ಅತ್ತೆ. ಒಪ್ಪಿಗೆ ಅಂತ ಒತ್ತಿದ್ದೀರಿ."

"ಒತ್ತದಿದ್ರೆ ಅದು ಮುಂದಕ್ಕೇ ಹೋಗ್ತಿರ್ಲಿಲ್ಲ ಕಣೇ. ಸೂಜಿ ದಾರದೋಳು ನಾನು, ನನ್ನ ಹತ್ರ ಕದಿಯೋಕೆ ಏನಿದೆ ಅಂದ್ಕೊಂಡೆ."

"ಅವರ ಮೈ ವಿಷಯ ಅತ್ತೆ ಇದು. ಅದಕ್ಕೆ ಒಪ್ಪಿಗೆ ನೀವು ಕೊಟ್ಟುಬಿಟ್ರಲ್ಲ."

ಇಷ್ಟಕ್ಕೇ ಮುಗಿಯುವುದಿಲ್ಲ ಎಂದಳು ಸೊಸೆ. ತಿಂಗಳು ತಿಂಗಳೂ ಅಂಗಿ ಸಡಿಲ ಮಾಡಿಸುವ ಹುಡುಗಿ ಬಸುರಿ ಎಂದು ಅಳತೆ ನೋಡಿಯೇ ಊಹಿಸಬಹುದು. ಅದು ಕೆಲಸ ಕೊಡುವವರ ಕಿವಿಗೆ ಬಿದ್ದರೆ ಅವಳಿಗೆ ಕೆಲಸ ಸಿಗದೇ ಹೋಗಬಹುದು, ಯಾಕೆಂದು ಅವಳಿಗೆ ತಿಳಿಯುವುದೂ ಇಲ್ಲ. ಟೈಲರಕ್ಕನಿಗೆ ಸೊಸೆಯ ಮುಖ ನೋಡಲಾಗಲಿಲ್ಲ. ಇಬ್ಬರೂ ಕೂತು ಎಲ್ಲ ಅಳಿಸಿದರು, ನಿಮ್ಮಲ್ಲಿರುವುದನ್ನೂ ಅಳಿಸಿ ಎಂದು ಕಂಪನಿಗೆ ಬರೆದರು. ಆಮೇಲೆ ಟೈಲರಕ್ಕ ಒಬ್ಬಳೇ ಟೀಚರಮ್ಮನ ಮನೆಗೆ ಹೋದಳು.

"ಹೇಳಿದ್ದು ನಾನೇ ಟೀಚರಮ್ಮ. ಬಾಯಲ್ಲಲ್ಲ, ಬೆರಳಲ್ಲಿ," ಎಂದು ನಡೆದದ್ದನ್ನೆಲ್ಲ ಬಿಚ್ಚಿಟ್ಟಳು.

"ಈಗ ಅಳಿಸಿದ್ದೀರಾ?"

"ನನ್ನ ಫೋನಲ್ಲಿ ಅಳಿಸಿದೆ. ಹೋಗಿದ್ದು ಎಲ್ಲೆಲ್ಲಿಗೆ ಹೋಯ್ತೋ, ಅದು ನನ್ನ ಕೈಲಿಲ್ಲ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಫೋನು ಒಪ್ಪಿಗೆ ಕೇಳಿದಾಗ ಒಂದು ಗಳಿಗೆ ಬೆರಳು ತಡೆಯಿರಿ. ಯಾರ ವಿಷಯ, ಯಾರ ಕೈಗೆ ಹೋಗುತ್ತದೆ, ಅವರಿಗೆ ಯಾಕೆ ಬೇಕು ಎಂದು ನೋಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅದಕ್ಕೆ ನಾಚಿಕೆ ಬೇಡ. ನಿಮ್ಮನ್ನು ನಂಬಿ ಹೇಳಿದವರ ಗುಟ್ಟನ್ನಂತೂ ಅವರನ್ನು ಕೇಳದೆ ಫೋನಿಗೆ ತುಂಬಬೇಡಿ.

ಟೀಚರಮ್ಮ ಬೈಯಲಿಲ್ಲ. ಇಷ್ಟು ವರ್ಷ ಟೈಲರಕ್ಕನ ಎದುರು ಸಂಕೋಚವೇ ಪಡದಿದ್ದವರು, ಹೆಗಲ ಮೇಲಿದ್ದ ಶಾಲನ್ನು ಎಳೆದು ಎದೆ ಮುಚ್ಚಿಕೊಂಡರು.