ಒಂದೇ ತಂತಿಯ ನಲವತ್ತೆರಡು ಮನೆ

ಮಲಬೋನ್ ಊರಿನಲ್ಲಿ ಬಾಡಿಗೆಗೆ ಜನ ತುಂಬಿಕೊಳ್ಳುವ ಉದ್ದ ಜೀಪುಗಳು, ಅಂದರೆ ಜೀಪ್ನಿಗಳೆಲ್ಲ, ಹಣೆಯ ಮೇಲೆ ಮಾಲೀಕನ ಮಕ್ಕಳ ಹೆಸರು ಬರೆಸಿಕೊಂಡು ಓಡುತ್ತವೆ. ನಮ್ಮಪ್ಪನ ಜೀಪ್ನಿಯ ಮೇಲೂ ಮೂರು ಹೆಸರಿದ್ದವು. ನಾನು ಹೈಸ್ಕೂಲು ಬಿಟ್ಟ ದಿನ ಅಪ್ಪ ಡಬ್ಬಿ ತೆರೆದು ಮೂರನೆಯದರ ಮೇಲೆ ಹಳದಿ ಬಣ್ಣ ಬಳಿದ. ಅಕ್ಕಂದಿರಿಬ್ಬರೂ ಕೆಂಪಕ್ಷರದಲ್ಲಿ ಊರೆಲ್ಲ ಮೆರೆಯುತ್ತಿದ್ದರು. ನಾನೊಂದು ಹಳದಿ ಪಟ್ಟಿ.

ಗಾಡಿ ಮೇಲಿದ್ದಾಗಲೂ ಆ ಹೆಸರನ್ನು ಓದಿ ನೆನಪಿಟ್ಟವರಾದರೂ ಎಷ್ಟು ಜನ? ಹುಟ್ಟಿದಾಗ ಲಾವಕ್ಕಿಯಷ್ಟಿದ್ದೆನಂತೆ, ಅದಕ್ಕೇ ಬೀದಿಗೆಲ್ಲ ನಾನು ಪುಗೋ, ಅಂದರೆ ಲಾವಕ್ಕಿ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಇಂಥದೇ ಒಂದು ಕರೆಯುವ ಹೆಸರು. ನಿಜವಾದದ್ದು ಗೊತ್ತಿರುವುದು ಪಾದ್ರಿಗೆ, ಪೊಲೀಸರಿಗೆ, ಹೆತ್ತವರಿಗೆ.

ಹತ್ತೊಂಬತ್ತನೇ ವಯಸ್ಸಿಗೆ ಕಿಡ್ಲಾಟ್ ಚಾನೆಲ್ಲಿಗೆ ಸೇರಿದೆ. ಹಗಲಿಡೀ ಜಪಾನಿನ ಕಾರ್ಟೂನುಗಳನ್ನು ನಮ್ಮ ಟಗಾಲೊಗ್ ಭಾಷೆಯಲ್ಲಿ ತೋರಿಸುವ ಕೇಬಲ್ ಚಾನೆಲ್ ಅದು. ಮಾತು ಕೂಡಿಸುವವರು ನಾವು ಎಂಟು ಮಂದಿ. ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಗೋಡೆಗೆ ಕಂಬಳಿ ಹೊಡೆದ ಕೋಣೆಯಲ್ಲಿ ಬನಿಯನ್ ತೊಟ್ಟು ಕಿರುಚುತ್ತಿದ್ದೆವು. ಬೆಂಕಿ ಕತ್ತಿಯ ವೀರ ಸಾಬುರೋ ನಾನೇ. ಮೊದಲ ವರ್ಷ ಸಂಜೆ ಐದಕ್ಕೆ ಸಾಬುರೋ ಬಂದನೆಂದರೆ ನಮ್ಮ ಬೀದಿಯಲ್ಲಿ ಮೀನು ಮಾರುವವಳೂ ಬುಟ್ಟಿ ಇಳಿಸಿ ಯಾವುದಾದರೂ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಿದ್ದಳು. ಬೆಕ್ಕುಗಳಿಗೆ ಅದು ಹಬ್ಬದ ಹೊತ್ತು.

ಅಪ್ಪ ಮಾತ್ರ ನಂಬಲಿಲ್ಲ. "ಸಾಬುರೋ ಧ್ವನಿ ಗಂಡಸಿನ ಧ್ವನಿ ಕಣೋ. ನಿಂದು ಹಾರ್ನ್ ಕೆಟ್ಟ ಹಾಗಿದೆ. ನೀನಲ್ಲಿ ನೆಲ ಒರೆಸ್ತೀಯ, ಒಪ್ಕೊಂಡ್ಬಿಡು."

"ನಾನೇ ಅಪ್ಪ! ಮಾಡಿ ತೋರಿಸ್ಲಾ?"

"ಗಿಳೀನೂ ಮಾಡುತ್ತೆ. ಟೀವಿಯಲ್ಲಿ ಹೆಸರು ಬರ್ಲಿ, ಆವತ್ತೇ ಗಾಡಿ ಮೇಲೆ ವಾಪಸ್ ಬರೆಸ್ತೀನಿ."

ಟೀವಿಯಲ್ಲಿ ಜಪಾನಿನವರ ಹೆಸರು ಬರುತ್ತಿತ್ತು, ನೂಡಲ್ಸ್ ಕಂಪನಿಯ ಹೆಸರು ಬರುತ್ತಿತ್ತು. ಗಂಟಲು ಹರಿದುಕೊಂಡವರದು ಬರುತ್ತಿರಲಿಲ್ಲ. ಎರಡನೇ ವರ್ಷ ಜಾಹೀರಾತು ಇಳಿದವು. ಸಂಬಳ ಕತ್ತರಿಸಿದ ದಿನ ನಾನು ಮೇಜು ಗುದ್ದಿದೆ. ಚಾನೆಲ್ ನಡೆಸುವ ಮ್ಯಾಡಂ ಲಿಗಾಯಾ, "ಕೈ ನೋಯಿಸ್ಕೋಬೇಡಪ್ಪ, ಕೊನೇ ಕಂತಲ್ಲಿ ನಿಮ್ಮೆಲ್ಲರ ಹೆಸರು ಹಾಕಿಸ್ತೀನಿ" ಎಂದು ಬಾಯಿ ಮುಚ್ಚಿಸಿದರು. ಆಮೇಲೆ ಒಬ್ಬೊಬ್ಬರಾಗಿ ಉಳಿದ ಏಳು ಮಂದಿಯೂ ಕಾಲ್ ಸೆಂಟರಿಗೆ ಹೋದರು, ಅಮೆರಿಕದವರ ಬೈಗುಳ ಕೇಳಲು. ಅವರು ಬಿಟ್ಟ ಪಾತ್ರಗಳೆಲ್ಲ ನನ್ನ ತಲೆಗೆ ಬಿದ್ದವು. ಸಾಬುರೋ ತಾಯಿಯನ್ನು ಬಿಟ್ಟು ಹೊರಡುವ ದೃಶ್ಯದಲ್ಲಿ ಹೋಗುವವನೂ ನಾನೇ, ಅಳುವವಳೂ ನಾನೇ, ಮರೆಯಲ್ಲಿ ನಿಂತು ನಗುವ ಶತ್ರುವೂ ನಾನೇ. ಕುದುರೆ ಕೂಡ.

ಒಂದು ದಿನ ಕೇಬಲ್ ಕಂಪನಿಯಿಂದ ಕನ್ನಡಕದವನೊಬ್ಬ ಕಾಗದ ಹಿಡಿದು ಬಂದ. "ನಿಮ್ಮ ಚಾನೆಲ್ ಯಾರೂ ನೋಡ್ತಿಲ್ಲ ಮೇಡಂ. ಮಲಬೋನಲ್ಲಿ ನೋಡಿ, ಈ ಬೀದಿ ಪೂರ್ತಿಗೆ ಒಂದೇ ಒಂದು ಕನೆಕ್ಷನ್ನು. ಇಪ್ಪತ್ತನೇ ತಾರೀಖಿಗೆ ಬಂದ್ ಮಾಡ್ತೀವಿ."

ಅವನ ಬೆರಳಿದ್ದದ್ದು ನಮ್ಮ ಬೀದಿಯ ಮೇಲೆ. ನನ್ನ ನೆತ್ತಿ ಉರಿಯಿತು.

"ಯಾರ್ರೀ ಹೇಳಿದ್ದು ಯಾರೂ ನೋಡಲ್ಲ ಅಂತ? ನಲವತ್ತೆರಡು ಮನೆ ನೋಡುತ್ತೆ! ಅಂಗಡಿ ಮಾಮೆಂಗಮ್ಮನ ಕೇಬಲ್ ಡಬ್ಬಿಯಿಂದ ನಾನೇ ತಂತಿ ಎಳೆದಿದ್ದೀನಿ, ಈ ಕೈಯಿಂದ! ಬಟ್ಟೆ ಹಗ್ಗದ ಜೊತೇಲಿ, ಒಂದ್ ಮನೆಯಿಂದ ಒಂದ್ ಮನೆಗೆ! ಕೊನೇ ಮನೇಲಿ ಸಾಬುರೋಗೆ ಎರಡು ತಲೆ ಕಾಣುತ್ತೆ, ಆದ್ರೂ ನೋಡ್ತಾರೆ!"

ಮ್ಯಾಡಂ ಕಣ್ಣು ಮುಚ್ಚಿಕೊಂಡರು. ಕನ್ನಡಕದವನು ನಿಧಾನವಾಗಿ ಪೆನ್ನು ತೆಗೆದ. "ನಿಮ್ಮ ಪೂರ್ತಿ ಹೆಸರು?"

"ರೊಹೆಲಿಯೋ ಅಬ್ರಿಗೋ! ಬರ್ಕೊಳ್ಳಿ! ನಾನೇನು ಹೆದರ್ತೀನಾ?"

ಬರೆದುಕೊಂಡ.

ಮಾರನೆಯ ಬೆಳಿಗ್ಗೆ ಏಣಿ ಬಂತು, ಕತ್ತರಿ ಬಂತು. ನಲವತ್ತೊಂದು ಮನೆಯ ತಂತಿಗಳು ಒಳಚಡ್ಡಿ, ಲಂಗಗಳ ಸಮೇತ ಚರಂಡಿಗೆ ಬಿದ್ದವು. ಬೀದಿಗೊಂದೇ ಒಂದು ಸಕ್ರಮ ಕನೆಕ್ಷನ್ ಇದ್ದ ಮಾಮೆಂಗಮ್ಮನ ಕೈಗೊಂದು ನೋಟಿಸು ಕೊಟ್ಟು ಹೋದರು. ಅವಳು ಅಂಗಡಿಯ ಮುಂದೆ ಅದನ್ನು ಧ್ವಜದಂತೆ ಬೀಸಿದಳು.

"ಯಾವನೋ ಬಾಯಿ ಬಿಟ್ಟಿದ್ದಾನೆ! ಹೆಸರೂ ಹಾಕಿದ್ದಾರೆ, ರೊಹೆಲಿಯೋ ಅಂತೆ. ಯಾರೇ ಈ ರೊಹೆಲಿಯೋ?"

"ಆಚೆ ಬೀದಿಯ ಪೋಸ್ಟ್‌ಮನ್ ಇರ್ಬೇಕು. ಅವನ ಮೀಸೆ ನೋಡಿದ್ರೇನೇ ಗೊತ್ತಾಗುತ್ತೆ."

ಅಪ್ಪ ಅದೇ ಹೊತ್ತಿಗೆ ಟ್ರಿಪ್ಪಿನಿಂದ ಬಂದಿಳಿದ. ಹೆಸರು ಅವನ ಕಿವಿಗೆ ಬೀಳಲಿಲ್ಲ, ವಿಷಯ ಬಿತ್ತು. ಎಲ್ಲರಿಗಿಂತ ಜೋರಾಗಿ ಕೂಗಿದ: "ಅವನು ಸಿಗ್ಲಿ! ಹಿಂದಿನ ಚಕ್ರಕ್ಕೇ ಕೊಡ್ತೀನಿ!"

ನಾನು ತಲೆ ತಗ್ಗಿಸಿ, ಚರಂಡಿಯಿಂದ ಎಲ್ಲರ ಲಂಗ ಎತ್ತಿಕೊಟ್ಟೆ.

ಇಪ್ಪತ್ತನೇ ತಾರೀಖು, ಸಂಜೆ ಐದಕ್ಕೆ ಕೊನೆಯ ಕಂತು, ಅದು ಮುಗಿದರೆ ಚಾನೆಲ್ಲೂ ಮುಗಿದಂತೆ. ತಂತಿ ಕಳೆದುಕೊಂಡ ಬೀದಿಯೆಲ್ಲ ಮಾಮೆಂಗಮ್ಮನ ಮನೆಗೆ ನುಗ್ಗಿತು. ಬರಿಗೈಯಲ್ಲಿ ಯಾರು ಬರುತ್ತಾರೆ? ಹನ್ನೊಂದು ತಟ್ಟೆ ಪನ್ಸಿತ್ ನೂಡಲ್ಸ್, ಒಂದು ಹಂದಿಮಾಂಸದ ಬೋಗುಣಿ, ಒಂದು ಕೇಕು. ಕೇಕಿನ ಮೇಲೆ "ಹೋಗಿ ಬಾ ಸಾಬುರೋ" ಎಂದಿತ್ತು. ಒಳಗೆ ಜಾಗ ಸಾಲದೆ ಜನ ಕಿಟಕಿ ಸರಳಿಗೆ ಜೋತುಬಿದ್ದರು. ಅಪ್ಪನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ.

ಸಾಬುರೋ ಗೆದ್ದು ಮನೆಗೆ ಬಂದ. ತಾಯಿ ಅವನ ಮುಖ ಸವರಿ "ಊಟ ಆಯ್ತಾ ಮಗನೇ?" ಎಂದಳು. ಜಪಾನಿ ಭಾಷೆಯಲ್ಲಿ ಅವಳು ಅಲ್ಲಿ ಏನೋ ಘನವಾದದ್ದನ್ನು ಹೇಳುತ್ತಾಳೆ. ಬದಲಿಸಿದವನು ನಾನೇ. ಇಡೀ ಮನೆ ಸೊರಸೊರ ಮೂಗೆಳೆದುಕೊಂಡಿತು. ಅಪ್ಪ ಭುಜದ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ.

ಆಗ ಬಂತು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ, ಬೇರೇನೂ ಇಲ್ಲ: ರೊಹೆಲಿಯೋ ಅಬ್ರಿಗೋ.

ಅಪ್ಪ ಎದ್ದು ನಿಂತ. ಎದೆ ಉಬ್ಬಿತು, ಕೈ ತೆರೆಯತ್ತ ಏರಿತು, ಬಾಯಿ ತೆರೆಯಿತು.

"ಇವನೇ!" ಮಾಮೆಂಗಮ್ಮ ಚೀರಿದಳು. "ನೋಟಿಸಲ್ಲಿರೋನು! ತಂತಿ ಕತ್ತರಿಸಿದ್ದು ಇವನೇ! ಟೀವಿಯೋನೇ ಹೇಳ್ಕೊಟ್ಟಿದ್ದಾನೆ ನೋಡ್ರೋ!"

ಮನೆಯೆಲ್ಲ ಒಂದೇ ಗದ್ದಲ. ಯಾರೋ ತೆರೆಗೆ ಚಪ್ಪಲಿ ಎಸೆದರು. ಅಪ್ಪನ ಕೈ ಗಾಳಿಯಲ್ಲೇ ಉಳಿಯಿತು. ನನ್ನನ್ನು ನೋಡಿದ. ನಾನು ಕೇಕನ್ನು ನೋಡಿದೆ.

"ಏನ್ ಪೋನ್ಸೋ ಅಣ್ಣಾ, ಎದ್ದೇಬಿಟ್ಟೆ? ಗೊತ್ತಾ ಇವನು?" ಪಕ್ಕದ ಮನೆಯವನು ಅಪ್ಪನನ್ನು ಕೇಳಿದ.

ಅಪ್ಪ ಕೈ ಇಳಿಸಿದ. "ನನಗೆಲ್ಲಿಂದ ಗೊತ್ತಿರ್ಬೇಕು? ಕಾಲು ಜೋಮು ಹಿಡೀತು, ಎದ್ದೆ." ಮತ್ತೆ ಬೆಂಚಿನಲ್ಲಿ ಕೂರುತ್ತ, "ಆದ್ರೆ ಕೆಲಸಗಾರ ನನ್ಮಗ" ಎಂದ.

ತೆರೆ ನೀಲಿಯಾಯಿತು. ಚಾನೆಲ್ ಸತ್ತಿತು. ಜನ ಪನ್ಸಿತ್ ತಿಂದರು.

ಮನೆಗೆ ನಡೆಯುವಾಗ ಅಪ್ಪ ಕೇಳಿದ: "ಆ ತಾಯಿ ಮಾತಾಡ್ತಾಳಲ್ಲ, ಅದ್ಯಾರು? ಒಳ್ಳೇ ಹೆಂಗಸು."

"ಅದೂ ನಾನೇ ಅಪ್ಪ."

ಅಪ್ಪ ನಡುಬೀದಿಯಲ್ಲೇ ನಿಂತ. "ಒಂದು ವರ್ಷದಿಂದ ನಿನ್ನ ಧ್ವನಿಗೆ ಅಳ್ತಿದ್ದೀನಾ ನಾನು? ಥೂ. ಯಾರಿಗೂ ಹೇಳ್ಬೇಡ."

ಮರುದಿನ ಕೆಂಪು ಬಣ್ಣದ ಡಬ್ಬಿ ತಂದ. ಹಣೆಯ ಮೇಲಿನ ಹಳದಿ ಪಟ್ಟಿಯನ್ನು ಮುಟ್ಟಲಿಲ್ಲ. ಜೀಪ್ನಿಯೊಳಗೆ ತೂರಿ, ಚಾಲಕನ ತಲೆಯ ಮೇಲೆ ಬಿಸಿಲು ತಡೆಯಲು ಇರುವ ಹಲಗೆಯನ್ನು ಇಳಿಸಿ, ಅದರ ಒಳಮೈ ಮೇಲೆ ನಾಲಿಗೆ ಕಚ್ಚಿಕೊಂಡು ನನ್ನ ಪೂರ್ತಿ ಹೆಸರು ಬರೆದ. ಹಲಗೆ ಇಳಿಸಿದರೆ ಅವನೊಬ್ಬನಿಗೆ ಮಾತ್ರ ಕಾಣಬೇಕು, ಹಾಗೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಇಲ್ಲೂ ಯಾರಿಗೂ ಕಾಣದ ಜಾಗವೇನಾ?"

"ಬಾಯಿ ಮುಚ್ಚೋ ಪುಗೋ" ಎಂದ ಅಪ್ಪ, ಕುಂಚ ಒರೆಸುತ್ತ. "ಹೊರಗೆ ಬರೆದ್ರೆ ಹಿಂದಿನ ಚಕ್ರಕ್ಕೆ ಕೊಡ್ಬೇಕಾಗುತ್ತೆ. ಆಡಿದ ಮಾತು."